ಮಿರಜ ದಾರಿ ಮುಚ್ಚಿದ ವರ್ಷ

ಈ ಸಲ ಬಿಸಿಲು ಬಲಿಯುವ ಮುಂಚೆ ಕಾಗವಾಡದ ದಾಜಿಯ ತೋಟಕ್ಕೆ ಹೋಗಿದ್ದೆವು. ಅಕ್ಕನ ಗಂಡನಿಗೆ ನಮ್ಮ ಗಡಿ ಊರುಗಳಲ್ಲಿ ದಾಜಿ ಎನ್ನುವುದು ರೂಢಿ. ಮರುದಿನ ಅಲ್ಲಿಂದಲೇ ಮಗನ ಹಲ್ಲು ತೋರಿಸಲು ಮಿರಜಿನ ಬಸ್ಸು ಹತ್ತಿದೆವು. ಊರು ದಾಟುತ್ತಿದ್ದ ಹಾಗೆ ಕಿಟಕಿಯಿಂದ ಗಂಧಕದ ಹೊಗೆ ಒಳಗೆ ಬಂತು. ರಸ್ತೆ ಬದಿಯಲ್ಲಿ ಯಾರದೋ ಒಣದ್ರಾಕ್ಷಿಯ ಶೆಡ್ಡು. ಬಲೆಯ ಮೇಲೆ ಹಸಿ ದ್ರಾಕ್ಷಿ ಹರವಿ, ಬಣ್ಣ ಕೆಡದಿರಲೆಂದು ಹೊಗೆ ಕೊಡುತ್ತಿದ್ದರು. ಮಗ ಮೂಗು ಮುಚ್ಚಿಕೊಂಡ. ಹೆಂಡತಿ ಸವಿತಾ ನನ್ನ ಮುಖವನ್ನೊಮ್ಮೆ ನೋಡಿ ಕಿಟಕಿಯ ಗಾಜು ಎಳೆದಳು. ಬಸ್ಸು ಎಲ್ಲೂ ನಿಲ್ಲಲಿಲ್ಲ. ಯಾರೂ ಯಾವ ಕಾಗದವನ್ನೂ ಕೇಳಲಿಲ್ಲ. ಕಂಡಕ್ಟರ್ ಕನ್ನಡದಲ್ಲಿ ಶುರು ಮಾಡಿದ ಮಾತನ್ನು ಮರಾಠಿಯಲ್ಲಿ ಮುಗಿಸಿದ, ಅಷ್ಟರಲ್ಲಿ ರಾಜ್ಯ ಬದಲಾಗಿತ್ತು. ಗಾಜು ಮುಚ್ಚಿದರೂ ಹೊಗೆಯ ವಾಸನೆ ಮಿರಜಿನ ತನಕ ನನ್ನ ಅಂಗಿಯಲ್ಲೇ ಇತ್ತು. ಕೊರೋನಾದ ಮೊದಲ ಬೇಸಿಗೆಯಿಡೀ ಅಕ್ಕನ ಫೋನಿನ ಹಿಂದೆ ಇದ್ದದ್ದು ಇದೇ ವಾಸನೆ. ನಾನಾಗ ಕುವೈತಿನಲ್ಲಿದ್ದೆ. ನನ್ನ ಮೂಗಿಗೆ ಅದು ಬಂದಿರಲು ಸಾಧ್ಯವಿಲ್ಲ. ಆದರೆ ಅವಳು ದಿನಾ ಹೇಳುತ್ತಿದ್ದಳು: "ಈ ವರ್ಷ ದ್ರಾಕ್ಷಿ ಒಯ್ಯಾಕ ಒಂದ ಲಾರಿ ಬರ್ಲಿಲ್ಲ ತಮ್ಮಾ. ಎಲ್ಲಾರೂ ಒಣಗಸಾಕತ್ತಾರ. ಊರೆಲ್ಲಾ ಹೊಗಿ."

ಅಕ್ಕ ಕಸ್ತೂರಿ ನನಗಿಂತ ಬಹಳ ದೊಡ್ಡವಳು. ಅವ್ವ ತೀರಿಕೊಂಡಾಗ ನಾನಿನ್ನೂ ಸಾಲೆಯ ಹುಡುಗ. ಸದಲಗಾದ ನಮ್ಮ ಮನೆಯಲ್ಲಿ ಅಂದಿನಿಂದ ಒಲೆಯ ಮುಂದೆ ಕೂತವಳು ಅಕ್ಕ. ಅವಳ ಮದುವೆ ಗೊತ್ತಾದಾಗ, ತಮ್ಮನನ್ನೂ ಕಳಿಸುವುದಾದರೆ ಮಾತ್ರ ಹೋಗುತ್ತೇನೆ ಎಂದು ಕೂತುಬಿಟ್ಟಳಂತೆ. ದಾಜಿ, ಅಂದರೆ ಅಪ್ಪಾಸಾಹೇಬ, ನಕ್ಕು, "ಬರ್ಲಿ ಬಿಡ್ರಿ, ತ್ವಾಟದಾಗ ಒಬ್ಬ ಹುಡುಗ ಹೆಚ್ಚಾದ್ರ ಯಾರಿಗಿ ಭಾರ" ಅಂದನಂತೆ. ಹಾಗೆ ನಾನು ಹೈಸ್ಕೂಲು ಮುಗಿಸಿದ್ದು ಕಾಗವಾಡದಲ್ಲಿ. ಆಮೇಲೆ ಚಿಕ್ಕೋಡಿಯಲ್ಲಿ ಐಟಿಐ ಓದಿ, ಲಿಫ್ಟ್ ರಿಪೇರಿ ಕಲಿತು, ಕುವೈತಿನ ಕಂಪನಿಯೊಂದಕ್ಕೆ ಸೇರಿದೆ. ಸವಿತಾ ಮತ್ತು ಮಗ ಸದಲಗಾದಲ್ಲೇ ಉಳಿದರು.

ಅಕ್ಕನ ಕಾಲು ಬಾಯುವುದಕ್ಕೆ ಶುರುವಾದಾಗ ತೋಟದ ಕೆಲಸದ ದಣಿವು ಎಂದುಕೊಂಡರು. ಮಿರಜಿನ ಡಾಕ್ಟರು ರಕ್ತ ನೋಡಿ ಎರಡೂ ಕಿಡ್ನಿ ಹೋಗಿವೆ ಅಂದರು. ಕಾಗವಾಡದವರಿಗೆ ದೊಡ್ಡ ದವಾಖಾನೆ ಅಂದರೆ ಮಿರಜು. ಹೆರಿಗೆ, ಕಣ್ಣು, ಎಲುಬು, ಎದೆ, ಏನಾದರೂ ಅಲ್ಲಿಗೇ. ಬೆಳಗಾವಿ ಎಷ್ಟೋ ದೂರ, ಮಿರಜು ಬೈಕಿನ ದಾರಿ. ವಾರಕ್ಕೆರಡು ಸಲ ದಾಜಿ ಅವಳನ್ನು ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದ. ಅವನದೇ ಕಿಡ್ನಿ ಕೊಡಲು ಮುಂದಾದ, ರಕ್ತದ ಗುಂಪು ಕೂಡಲಿಲ್ಲ. ಅವರ ಮಗಳು ಪೂಜಾ ಇನ್ನೂ ಸಣ್ಣವಳು. ಚಳಿಗಾಲದ ರಜೆಗೆ ಬಂದ ನಾನು ಪರೀಕ್ಷೆ ಮಾಡಿಸಿಕೊಂಡೆ. ಎಲ್ಲವೂ ಕೂಡಿತು.

ಅಕ್ಕ ಒಪ್ಪಲಿಲ್ಲ. "ನಿನ್ನ ಹೊಟ್ಟಿ ಕೊಯ್ಸಿ ನಾ ಬದುಕಬೇಕೇನೋ?"

"ಈ ಹೊಟ್ಟಿ ತುಂಬಿಸಿದಾಕಿನ ನೀ" ಅಂದೆ. "ಅದರಾಗ ಅರ್ಧಾ ನಿಂದ ಐತಿ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಮಾತಾಡಾಕ ಭಾಳ ಕಲತಿ" ಅಂದಳು. ಅದು ಒಪ್ಪಿಗೆ.

ದವಾಖಾನೆಯಲ್ಲಿ ಇಂಥ ಆಪರೇಶನ್ನಿನ ಕಾಗದಪತ್ರ ನೋಡಿಕೊಳ್ಳುತ್ತಿದ್ದವರು ಶುಭಾಂಗಿ ಎಂಬ ಮೇಡಂ. ಅಕ್ಕ ತಮ್ಮ ಎನ್ನುವುದಕ್ಕೆ ಪುರಾವೆ, ನಮ್ಮ ತಾಲೂಕು ಕಚೇರಿಯ ಪತ್ರ, ಎಲ್ಲ ಸರಿಯಿತ್ತು. ಕೊನೆಗೆ ಸವಿತಾಳ ಒಪ್ಪಿಗೆಯ ಸಹಿ ಬೇಕಾಯಿತು. ಅವಳು ಪೆನ್ನು ಹಿಡಿದು ಕಾಗದವನ್ನು ಕೊನೆಯ ತನಕ ಓದಿದಳು.

"ಇವರಿಗೆ ಏನೂ ಆಗೂದಿಲ್ಲಂತ ನೀವು ಬರದ ಕೊಡ್ತೀರೇನ್ರೀ?" ಎಂದು ಮೇಡಂಗೆ ಕೇಳಿದಳು.

"ಹಂಗ ಯಾರೂ ಬರದ ಕೊಡೂದಿಲ್ಲ ತಂಗಿ" ಅಂದರು ಅವರು, ಬಹಳ ಮೆತ್ತಗೆ.

ಸವಿತಾ ಸಹಿ ಮಾಡಿದಳು. ವಾಪಸು ಬರುವಾಗ ಬಸ್ಸಿನಲ್ಲಿ ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಮಾಡುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು.

ಯುಗಾದಿ ಮುಗಿದ ಮೇಲೆ ಆಪರೇಶನ್ ಎಂದು ನಿಕ್ಕಿಯಾಯಿತು. ಕಂಪನಿಯ ದೊಡ್ಡ ರಜೆ ಸಿಗುತ್ತಿದ್ದದ್ದು ಆಗಲೇ. ಅಲ್ಲಿಯ ತನಕ ಸ್ವಲ್ಪ ಕಾಲ ಕೆಲಸ ಮಾಡಿ ಬರೋಣವೆಂದು ಕುವೈತಿಗೆ ಹೋದೆ. ಟಿಕೆಟ್ ಕೂಡ ತೆಗೆದಿಟ್ಟಿದ್ದೆ. ಯುಗಾದಿಯ ಹೊತ್ತಿಗೆ ಆಕಾಶದಲ್ಲಿ ಒಂದು ವಿಮಾನವೂ ಇರಲಿಲ್ಲ.

ನಾವಿದ್ದ ಮಹಬೂಲಾ ಎಂಬ ಕಡೆ, ನಮ್ಮಂಥ ಕೂಲಿಕಾರರೇ ತುಂಬಿದ್ದ ಬಡಾವಣೆ, ಅದಕ್ಕೆ ಸುತ್ತಲೂ ಮುಳ್ಳುತಂತಿ ಹಾಕಿದರು. ಒಂದೇ ಕೋಣೆಯಲ್ಲಿ ಆರು ಜನ. ಕೆಲಸವಿಲ್ಲ, ಹೊರಗೆ ಹೋಗುವಂತಿಲ್ಲ. ಅದೇ ವಾರ ದಾಜಿಯ ಫೋನು ಬಂತು. ಕಾಗವಾಡದಾಚೆ ರಾಜ್ಯದ ಗಡಿಯಲ್ಲಿ ಟಿಪ್ಪರಿನಿಂದ ಮಣ್ಣು ತಂದು ಸುರಿದು ರಸ್ತೆ ಬಂದ್ ಮಾಡಿದ್ದರು. ಆ ಕಡೆ ರೋಗ ಹೆಚ್ಚಾಗಿದೆ, ಈ ಕಡೆ ಬರಬಾರದು ಎಂದು. ರೋಗ ತಡೆಯಲು ಹಾಕಿದ ಮಣ್ಣು ಸರಿಯಾದದ್ದೇ ಇರಬಹುದು. ಅದರ ಆಚೆಗೆ ಅಕ್ಕನ ರಕ್ತ ತೊಳೆಯುವ ಯಂತ್ರ ಇತ್ತು.

ಮೊದಲು ಕೆಲವು ಸಲ ಅವಳು ಆ ಗುಡ್ಡೆಯನ್ನು ಹತ್ತಿ ಇಳಿದಳು. ಈ ಕಡೆ ದಾಜಿ ಬೈಕು ನಿಲ್ಲಿಸಿ, ಅವಳ ರಟ್ಟೆ ಹಿಡಿದು ಹತ್ತಿಸುವುದು. ಆ ಕಡೆ ಗುರುತಿನ ಒಬ್ಬ ರಿಕ್ಷಾದವನು ಮ್ಹೈಸಾಳದಿಂದ ಬಂದು ಕಾಯುವುದು. ಬಾತ ಕಾಲಿನ ಹೆಂಗಸು, ಕೆಂಪು ಮಣ್ಣಿನಲ್ಲಿ ಕಾಲು ಹುಗಿದು, ಸೀರೆ ಎತ್ತಿ ಹಿಡಿದು ಹತ್ತುವುದನ್ನು ಅವಳೇ ನಗುತ್ತಾ ವರ್ಣಿಸಿದಳು. "ಮ್ಯಾಲ ನಿಂತರ ಎರಡೂ ರಾಜ್ಯ ಕಾಣತಾವ ತಮ್ಮಾ. ಎರಡೂ ಕಡೆ ಕಬ್ಬ. ಏನೂ ಫರಕ ಇಲ್ಲ." ಆಮೇಲೆ ಗುಡ್ಡೆಯ ಪಕ್ಕ ಅಡ್ಡಲಾಗಿ ಉದ್ದ ತಗ್ಗು ತೋಡಿದರು. ಪೊಲೀಸರು ಕಾವಲು ನಿಂತರು. ಅವರು ದಾಜಿಗೆ ಬೈಯಲಿಲ್ಲ, "ನಮಗೂ ಮನಿಯಾಗ ಹೆಣ್ಮಕ್ಕಳದಾರ್ರೀ, ಆದ್ರ ಮ್ಯಾಲಿಂದ ಹುಕುಂ ಐತಿ" ಅಂದರಂತೆ. ಪಾಸು ಕೇಳಿದರೆ ಪಾಸು ಕೊಡುವ ಕಚೇರಿ ಬಂದಾಗಿತ್ತು.

ಕೊನೆಗೆ ಈ ಕಡೆಯ ಅಥಣಿಯಲ್ಲಿ ಒಂದು ಕಡೆ ಡಯಾಲಿಸಿಸ್‌ಗೆ ಪಾಳಿ ಸಿಕ್ಕಿತು. ಅಲ್ಲಿ ಯಂತ್ರಗಳು ಎರಡೇ, ಗಡಿ ಮುಚ್ಚಿದ್ದರಿಂದ ಎಲ್ಲ ಕಡೆಯ ರೋಗಿಗಳೂ ಅಲ್ಲಿಗೇ ಬಂದಿದ್ದರು. ವಾರಕ್ಕೆ ಒಂದೇ ಸಲ. ಕುಡಿದ ನೀರನ್ನು ಮೈಯಿಂದ ತೆಗೆಯುವುದೂ ಅದೇ ಯಂತ್ರ, ವಾರಕ್ಕೆ ಒಂದೇ ಸಲ ಅಂದರೆ ನೀರು ಇನ್ನೂ ಕಡಿಮೆ ಕುಡಿಯಬೇಕು. ಚೈತ್ರದ ಬಿಸಿಲಲ್ಲಿ ಅವಳಿಗೆ ಇಡೀ ದಿನಕ್ಕೆ ಒಂದು ಸಣ್ಣ ಲೋಟ ನೀರು. ಕಿಡ್ನಿ ಕೆಟ್ಟವರಿಗೆ ಹಣ್ಣು ಆಗುವುದಿಲ್ಲ, ದ್ರಾಕ್ಷಿಯನ್ನಂತೂ ಬಾಯಿಗೆ ಹಾಕುವಂತಿರಲಿಲ್ಲ. ಒಂದು ಮಧ್ಯಾಹ್ನ ಫೋನಿನಲ್ಲಿ, "ನಿನ್ನ ಹಂತ್ಯಾಕ ನೀರ ಐತೇನೋ?" ಅಂದಳು.

"ಐತಿ. ಯಾಕ?"

"ಕುಡಿ. ಗಟಗಟ ಕುಡಿ. ನಾ ಕೇಳ್ತೇನಿ."

ನಾನು ಫೋನನ್ನು ಗಂಟಲ ಹತ್ತಿರ ಹಿಡಿದು ಕುಡಿದೆ. ಕೋಣೆಯವರು ನನಗೆ ಹುಚ್ಚು ಹಿಡಿಯಿತೆಂದು ನೋಡುತ್ತಿದ್ದರು. ಆ ಕಡೆಯಿಂದ ಅವಳು, "ಹಾಂ, ಸಾಕು" ಅಂದಳು, ತಾನೇ ಕುಡಿದವಳ ಹಾಗೆ.

ಬೇಸಿಗೆಯ ಮಧ್ಯದಲ್ಲಿ ಭಾರತ ಸರ್ಕಾರ ವಿಮಾನ ಬಿಡುತ್ತದೆ ಎಂದು ತಿಳಿಯಿತು. ಹೆಸರು ನೋಂದಾಯಿಸಬೇಕು, ಕಾರಣ ಕೊಡಬೇಕು. ಬಸುರಿಯರು, ರೋಗಿಗಳು, ಮನೆಯಲ್ಲಿ ಸಾವಾದವರು ಮೊದಲು. ನಾನು ಮಿರಜಿನ ದವಾಖಾನೆಯ ಪತ್ರ ಹಚ್ಚಿದೆ. ಸಂಬಂಧ ಕೇಳುವ ಜಾಗದಲ್ಲಿ ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು ಎಂದಿತ್ತು. ಅಕ್ಕ ಇರಲಿಲ್ಲ. ರಾಯಭಾರ ಕಚೇರಿಗೆ ಫೋನ್ ಹಚ್ಚುತ್ತಾ ಹಚ್ಚುತ್ತಾ ಕೊನೆಗೊಮ್ಮೆ ಒಬ್ಬ ಹುಡುಗಿ ಎತ್ತಿದಳು. ಹಿಂದಿಯಲ್ಲಿ ಮಾತಾಡಿದಳು, ಪಾಪ, ದನಿ ಒಡೆದುಹೋಗಿತ್ತು.

"ರೋಗಿ ನೀವೇನು?" ಎಂದು ಕೇಳಿದಳು.

"ಅಲ್ಲ. ರೋಗಿ ಅಲ್ಲಿದ್ದಾಳೆ. ಅವಳಿಗೆ ಹಾಕಬೇಕಾದ ಕಿಡ್ನಿ ಇಲ್ಲಿದೆ."

"ಹಾಗಾದರೆ ನಿಮ್ಮನ್ನು ಯಾವುದರಲ್ಲಿ ಹಾಕಲಿ ಹೇಳಿ" ಅಂದಳು. ಅದು ವ್ಯಂಗ್ಯವಲ್ಲ, ನಿಜವಾಗಿ ಕೇಳಿದಳು.

ಬೆಂಗಳೂರಿನ ವಿಮಾನದಲ್ಲಿ ಹೆಸರು ಬರಲಿಲ್ಲ. ಮುಂಬೈಯದರಲ್ಲಿ ಸೀಟಿದೆ, ಬರುತ್ತೀರಾ ಎಂದು ಒಂದು ದಿನ ಕರೆ ಬಂತು. ಮುಂಬೈಯಿಂದ ನಮ್ಮೂರಿಗೆ ಒಂದು ರಾತ್ರಿಯ ಬಸ್ಸಿನ ದಾರಿ, ಬೆಂಗಳೂರಿಗಿಂತ ಸಮೀಪ. ಹೂಂ ಅಂದುಬಿಟ್ಟೆ. ಅಲ್ಲಿ ಇಳಿದವರನ್ನೆಲ್ಲ ಹೋಟೆಲಿನ ಕೋಣೆಗಳಲ್ಲಿ ಇಟ್ಟರು. ಪಕ್ಕದ ಕೋಣೆಯಲ್ಲಿದ್ದವನು ಸದಲಗಾದ ಹತ್ತಿರದ ಬೇಡಕಿಹಾಳದ ಅಶೋಕ, ಕುವೈತಿನ ಒಂದು ಹಡಗಿನಲ್ಲಿ ಅಡುಗೆಯವನು. ಬಾಗಿಲ ಬಳಿ ಊಟದ ಡಬ್ಬಿ ತೆಗೆದುಕೊಳ್ಳುವಾಗ ನಾನು ಫೋನಿನಲ್ಲಿ ಆಡುತ್ತಿದ್ದ ಮಾತು ಕೇಳಿ, "ನಮ್ಮ ಕಡಿಯವರೇನ್ರೀ?" ಎಂದು ಕೂಗಿದ. ಅವತ್ತಿನಿಂದ ಇಬ್ಬರೂ ನಮ್ಮ ನಮ್ಮ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಮಾತಾಡುತ್ತಿದ್ದೆವು.

ಹೋಟೆಲಿನ ಅವಧಿ ಮುಗಿಯಿತು. ಊರಿಗೆ ಹೋಗಲು ಮಾತ್ರ ಕರ್ನಾಟಕದ ಪಾಸು ಬೇಕು. ಮಹಾರಾಷ್ಟ್ರದಿಂದ ಬರುವವರನ್ನು ಸದ್ಯಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಆ ವಾರವೇ ಆದೇಶವಾಗಿತ್ತು. ಮೊಬೈಲಿನಲ್ಲಿ ಅರ್ಜಿ ತೆರೆದಾಗಲೆಲ್ಲ ಪರಿಶೀಲನೆಯಲ್ಲಿದೆ ಎಂಬ ಒಂದೇ ಸಾಲು. ನಾವಿಬ್ಬರೂ ಕೊಲ್ಹಾಪುರದ ಹತ್ತಿರ ಅಶೋಕನ ಸೋದರಮಾವನ ಊರಿಗೆ ಬಂದು, ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಉಳಿದೆವು. ಸಂಜೆ ಅಶೋಕ ದಿಬ್ಬದ ಮೇಲೆ ಹೋಗಿ ನಿಲ್ಲುತ್ತಿದ್ದ. "ಅಲ್ಲಿ ನೋಡ್ರಿ, ಆ ಕೆಂಪ ದೀಪಾ ನಮ್ಮ ಕಡೆ ಸಕ್ರಿ ಕಾರ್ಖಾನಿದು" ಅನ್ನುತ್ತಿದ್ದ. "ಕುವೈತದಿಂದ ಇಲ್ಲೀತನಕ ಬಂದೇವಿ. ಇಲ್ಲಿಂದ ಅಲ್ಲಿಗಿ ಹೋಗಾಕ ಆಗವಲ್ದು."

ಆ ದಿನಗಳಲ್ಲಿ ಅಕ್ಕ ಫೋನಿನಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ. ಉಸಿರು ಸಾಲುತ್ತಿರಲಿಲ್ಲ. ದಾಜಿ ಮಾತಾಡುತ್ತಿದ್ದ, ಅವಳು ಹಿಂದಿನಿಂದ, "ಊಟ ಆತೇನ ಕೇಳ್ರಿ ಅವಗ" ಅನ್ನುವುದು ಕೇಳಿಸುತ್ತಿತ್ತು.

ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಪಾಸು ಬಂತು. ರಾಜ್ಯದ ಗಡಿಯಾದ ಕೊಗನೊಳಿಯ ಹೆದ್ದಾರಿಯಲ್ಲಿ, ಡೇರೆಯ ಕೆಳಗೆ, ಮಾಸ್ಕು ಹಾಕಿದ ಪೊಲೀಸಿನವನು, "ಯಾವೂರ್ರೀ ನಿಮ್ದು?" ಎಂದು ಕೇಳಿದಾಗ ನನಗೆ ಕಣ್ಣೀರು ಬಂತು. ಮನೆ ಮುಟ್ಟಿದೆ ಅಂದುಕೊಂಡೆ. ಆದರೆ ಮಹಾರಾಷ್ಟ್ರದಿಂದ ಬಂದವರಿಗೆ ಮತ್ತೆ ಕ್ವಾರಂಟೈನು. ಬಸ್ಸಿನಲ್ಲಿ ನಿಪ್ಪಾಣಿಗೆ ಒಯ್ದು ವಿದ್ಯಾರ್ಥಿಗಳ ಹಾಸ್ಟೆಲಿನಲ್ಲಿ ಇಳಿಸಿದರು. ಹಿಂದುಗಡೆ ತಂಬಾಕಿನ ಗೋದಾಮು ಇತ್ತು. ಮಳೆಯ ತೇವಕ್ಕೆ ತಂಬಾಕಿನ ಘಾಟು ಏರಿ ಎಲ್ಲರೂ ಸೀನುತ್ತಿದ್ದರು, ಒಬ್ಬರು ಸೀನಿದರೆ ಉಳಿದವರು ಹೆದರಿ ಸರಿಯುತ್ತಿದ್ದರು.

ಮೂಗಿನಿಂದ ಮಾದರಿ ತೆಗೆದುಕೊಂಡು ಹೋದರು. ವರದಿ ಬರುವ ತನಕ ನಾನು ಮನಸ್ಸಿನಲ್ಲೇ ಮುಂದಿನದನ್ನು ಜೋಡಿಸುತ್ತಿದ್ದೆ. ಇಲ್ಲಿಂದ ಬಿಟ್ಟ ಕೂಡಲೇ ಕಾಗವಾಡ, ಆಮೇಲೆ ಶುಭಾಂಗಿ ಮೇಡಂ, ಆಮೇಲೆ ಆಪರೇಶನ್. ದಾರಿ ಇಷ್ಟೇ ಉಳಿದಿದೆ ಅನ್ನಿಸುತ್ತಿತ್ತು. ಮೂರನೆಯ ಬೆಳಿಗ್ಗೆ ಬಿಳಿ ಪೋಷಾಕಿನ ಇಬ್ಬರು ಬಂದು ನನ್ನ ಹೆಸರು ಕೂಗಿದರು. "ಮಹಾದೇವ ಅನ್ನಾವರು ಯಾರ್ರೀ? ಸಾಮಾನ ತಗೋರಿ. ನಿಮ್ದು ಪಾಸಿಟಿವ್ ಬಂದೈತಿ."

ನನಗೆ ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ. ಮುಂಬೈಯಲ್ಲೋ, ದಾರಿಯಲ್ಲೋ, ಯಾರಿಗೆ ಗೊತ್ತು. ಅಶೋಕ ಕಂಬದ ಹಿಂದೆ ನಿಂತು ನೋಡುತ್ತಿದ್ದ. ಹತ್ತಿರ ಬರುವಂತಿರಲಿಲ್ಲ. "ಹೆದರಬ್ಯಾಡ್ರಿ, ಆರಾಮ ಆಗತೈತಿ" ಎಂದು ಕೂಗಿದ. ಅವನಿಗೆ ಕಿಡ್ನಿಯ ಸಂಗತಿ ಎಲ್ಲಾ ಗೊತ್ತಿತ್ತು. ನಂತರ ತಿಳಿದದ್ದೆಂದರೆ, ಅವನನ್ನು ಬಿಟ್ಟ ಮೇಲೂ ಅವನ ಓಣಿಯವರು ಓಣಿಯ ಬಾಯಿಗೆ ಜಾಲಿಮುಳ್ಳು ಹಚ್ಚಿ ಒಳಗೆ ಬಿಡಲಿಲ್ಲವಂತೆ. ಹೊಲದ ಗುಡಿಸಲಿನಲ್ಲಿ ಎಷ್ಟೋ ದಿನ ಇದ್ದನಂತೆ.

ನನ್ನನ್ನು ಒಯ್ದು ಸೇರಿಸಿದ್ದ ಚಿಕ್ಕೋಡಿಯ ಕೊರೋನಾ ವಾರ್ಡಿನಿಂದ ನಾನೇ ಮಿರಜಿಗೆ ಫೋನ್ ಮಾಡಿದೆ. ಶುಭಾಂಗಿ ಮೇಡಂ ಡಾಕ್ಟರನ್ನು ಕೇಳಿ ಹೇಳಿದರು: ಕೊರೋನಾ ಬಂದವರ ಕಿಡ್ನಿಯನ್ನು ಗುಣವಾದ ಮೇಲೂ ಮೂರು ತಿಂಗಳು ಮುಟ್ಟುವುದಿಲ್ಲ. ಅದಲ್ಲದೆ ಆಪರೇಶನ್‌ಗಳೇ ನಿಂತಿವೆ. ದವಾಖಾನೆ ತುಂಬ ಕೊರೋನಾದವರು. "ತಡೀರಿ ದಾದಾ" ಅಂದರು, "ಬ್ಯಾರೆ ದಾರಿ ಇಲ್ಲ."

ಅಕ್ಕನಿಗೆ ಹೇಗೆ ಹೇಳಲಿ ಎಂದು ಎರಡು ದಿನ ಕಳೆದೆ. ಅಷ್ಟರಲ್ಲಿ ಅವಳಿಗೆ ಯಾರೋ ಹೇಳಿಬಿಟ್ಟಿದ್ದರು. ಫೋನ್ ಎತ್ತಿದವಳೇ, "ನಿನಗ ಉಸರ ಸರಿ ಐತಲ್ಲ?" ಅಂದಳು.

"ನನಗೇನೂ ಆಗಿಲ್ಲಕ್ಕಾ. ಆದ್ರ ಮೂರ ತಿಂಗಳ..."

"ಅದ ಇರ್ಲಿ. ಉಸರ ಸರಿ ಐತಿಲ್ಲೋ, ಅಷ್ಟ ಹೇಳ."

ಅವಳಿಗೆ ಬೇಕಾದದ್ದು ಅಷ್ಟೇ ಆಗಿತ್ತು. ನಾನು ಗೋಡೆಯ ಕಡೆ ತಿರುಗಿ ಮಲಗಿಕೊಂಡು ಅತ್ತೆ.

ವಾರ್ಡಿನಿಂದ ಬಿಟ್ಟ ಮೇಲೆ ಸದಲಗಾದಲ್ಲಿ ಮನೆಯೊಳಗೇ ಇರಬೇಕಾದ ದಿನಗಳನ್ನೂ ಮುಗಿಸಿ, ಇನ್ನೊಮ್ಮೆ ಪರೀಕ್ಷೆ ಮಾಡಿಸಿಕೊಂಡು, ಆಷಾಢದ ಮಳೆಯಲ್ಲಿ ಕಾಗವಾಡಕ್ಕೆ ಹೋದೆ. ಕೃಷ್ಣಾ ಹೊಳೆ ತುಂಬಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ತೋಟದ ಮನೆಯ ಪಡಸಾಲೆಯಲ್ಲಿ ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಗುರುತು ಸಿಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಸಿಕ್ಕಿತು. ಆದರೆ ಮೈ ಕಪ್ಪಿಟ್ಟಿತ್ತು, ಮುಖ ಬಾತಿತ್ತು, ಕೈಗಳು ಮಾತ್ರ ಕಡ್ಡಿಯಾಗಿದ್ದವು. ಮಲಗಿದರೆ ಉಸಿರು ಕಟ್ಟುತ್ತದೆಂದು ಕೂತೇ ನಿದ್ದೆ ಮಾಡುತ್ತಿದ್ದಳು.

"ಬಾ, ಇಲ್ಲಿ ಕೈ ಇಡು" ಅಂದಳು. ಡಯಾಲಿಸಿಸ್ ಸೂಜಿ ಚುಚ್ಚಲೆಂದು ರಕ್ತನಾಳ ಜೋಡಿಸಿದ ಮೊಳಕೈಯ ಜಾಗ ಅದು. ಅಂಗೈಯ ಕೆಳಗೆ ಗುಂಯ್ ಎಂದು ನಡುಗುತ್ತಿತ್ತು, ಲಿಫ್ಟಿನ ಮೋಟರಿನ ಮೇಲೆ ಕೈ ಇಟ್ಟ ಹಾಗೆ. "ನಿನ್ನ ಕೆಲಸದ್ದನ ಐತಿ ನೋಡ. ಕೆಟ್ಟರ ರಿಪೇರಿ ಮಾಡ ನೀ" ಎಂದು ನಕ್ಕಳು. ನಗುವುದಕ್ಕೂ ಅವಳು ಒಮ್ಮೆ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು.

ಅಲ್ಲೇ ಉಳಿದೆ. ಆ ದಿನಗಳಲ್ಲಿ ಮಳೆ ಬಿಡಲಿಲ್ಲ. ವಾರಕ್ಕೊಮ್ಮೆ ದಾಜಿ ಮತ್ತು ನಾನು ಅವಳನ್ನು ಕೇಳಿ ತಂದ ಕಾರಿನಲ್ಲಿ ಅಥಣಿಗೆ ಕರೆದೊಯ್ಯುತ್ತಿದ್ದೆವು. ಉಳಿದ ದಿನ ನಾನು ಅವಳ ಕಾಲು ಒತ್ತುತ್ತಿದ್ದೆ, ಒತ್ತಿದ ಬೆರಳಿನ ಗುಂಡಿ ಬಹಳ ಹೊತ್ತು ಹಾಗೇ ಇರುತ್ತಿತ್ತು. ಅವಳು ಆಪರೇಶನ್ನಿನ ಮಾತು ಎತ್ತುತ್ತಿರಲಿಲ್ಲ. ನಾನು ಎತ್ತಿದರೆ, "ಆಗೂದಿದ್ದರ ಆಗತೈತಿ" ಅಂದು ಪೂಜಾಳ ಓದಿನ ಕಡೆ ಮಾತು ತಿರುಗಿಸುತ್ತಿದ್ದಳು. ಒಂದು ಸಂಜೆ ಮಾತ್ರ, ದಾಜಿ ಕೊಟ್ಟಿಗೆಯಲ್ಲಿದ್ದಾಗ, ಮೆಲ್ಲಗೆ ಹೇಳಿದಳು:

"ಸವಿತಾನ ಮ್ಯಾಲ ಸಿಟ್ಟ ಮಾಡ್ಕೋಬ್ಯಾಡ ತಮ್ಮಾ."

"ಅಕಿ ಏನ ಮಾಡ್ಯಾಳಕ್ಕಾ?"

"ಏನೂ ಮಾಡಿಲ್ಲ. ಅಕಿ ಹೆದರ್ಯಾಳ. ನಾನಾಗಿದ್ರೂ ಹೆದರ್ತಿದ್ದೆ."

ಶ್ರಾವಣ ಬಂತು. ಒಂದು ಗುರುವಾರ ಅಥಣಿಗೆ ಹೋದಾಗ ಬಾಗಿಲಿಗೆ ಬೀಗ. ಅಲ್ಲಿ ಡಯಾಲಿಸಿಸ್ ಮಾಡಿಸಿಕೊಂಡ ಒಬ್ಬರಿಗೆ ಕೊರೋನಾ ಬಂದಿತ್ತು, ಔಷಧ ಸಿಂಪಡಿಸಿ ಸೋಮವಾರ ತೆರೆಯುತ್ತೇವೆ ಅಂದರು. ಆ ಹೊತ್ತಿಗೇ ಅಕ್ಕನಿಗೆ ಮಾತು ತೊದಲುತ್ತಿತ್ತು. ಚಿಕ್ಕೋಡಿಗೆ ಕೇಳಿದೆವು, ಕೊರೋನಾ ಇಲ್ಲ ಎಂಬ ವರದಿ ತನ್ನಿ ಅಂದರು, ವರದಿ ಬರಲು ಎರಡು ದಿನ. ದಾಜಿ ಗಾಡಿಯನ್ನು ಮಿರಜಿನ ಕಡೆ ತಿರುಗಿಸಿದ. ಗಡಿಯಲ್ಲಿ ಮಣ್ಣು ತೆಗೆದಿದ್ದರು. ಕಾವಲಿನವನು ಒಳಗೆ ಇಣುಕಿ, ಅಕ್ಕನ ಮುಖ ನೋಡಿ, ಏನೂ ಕೇಳದೆ ಕೈ ಬೀಸಿ ಬಿಟ್ಟ.

ಯಾವ ದಾರಿಗಾಗಿ ಅಷ್ಟು ತಿಂಗಳು ಕಾದಿದ್ದೆವೋ ಆ ದಾರಿ ತೆರೆದಿತ್ತು. ಆದರೆ ಆ ದವಾಖಾನೆ ಈಗ ಬರೀ ಕೊರೋನಾದವರಿಗೆ. ಬಾಗಿಲಲ್ಲಿದ್ದವರು ಕೆಟ್ಟವರಾಗಿರಲಿಲ್ಲ. "ಒಳಗ ತಗೊಂಡ್ರ ಇವರಿಗೂ ಬರತೈತ್ರಿ" ಅಂದರು, ಸಾಂಗ್ಲಿಯಲ್ಲಿ ಒಂದು ಕಡೆ ಕೇಳಲು ಹೇಳಿ ವಿಳಾಸ ಕೊಟ್ಟರು. ಸಾಂಗ್ಲಿಯ ದಾರಿಯಲ್ಲಿ ಅಕ್ಕ ನನ್ನ ತೊಡೆಯ ಮೇಲೆ ತಲೆ ಇಟ್ಟಿದ್ದಳು. ನೀರು ಕೇಳಿದಳು. ನಾನು ದಾಜಿಯ ಕಡೆ ನೋಡಿದೆ. ಅವನು ಕನ್ನಡಿಯಲ್ಲಿ ನನ್ನ ನೋಡಿ ಕೊಡು ಎನ್ನುವಂತೆ ತಲೆ ಆಡಿಸಿದ. ಬಾಟಲಿಯನ್ನು ಅವಳ ಬಾಯಿಗೆ ಹಿಡಿದೆ. ಎರಡು ಗುಟುಕು ಒಳಗೆ ಹೋಯಿತು, ಉಳಿದದ್ದು ಕೆನ್ನೆಯ ಮೇಲೆ ಇಳಿಯಿತು. ಅವಳ ಮೊಳಕೈಯ ಮೇಲೆ ನನ್ನ ಕೈ ಇತ್ತು. ಆ ನಡುಕ ನಿಂತದ್ದು ನನಗೇ ಮೊದಲು ಗೊತ್ತಾಯಿತು. ದಾಜಿಗೆ ಕೂಡಲೇ ಹೇಳಲಿಲ್ಲ. ರಸ್ತೆಯಲ್ಲಿ ಲಾರಿಗಳಿದ್ದವು, ಅವನು ಗಾಡಿ ನಡೆಸುತ್ತಿದ್ದ. ಬದಿಗೆ ಜಾಗ ಸಿಕ್ಕ ಮೇಲೆ, "ಗಾಡಿ ನಿಲ್ಲಸ್ರಿ ದಾಜಿ" ಅಂದೆ. ಅವನು ಯಾಕೆಂದು ಕೇಳಲಿಲ್ಲ.

ತೋಟದಲ್ಲೇ ಮಣ್ಣು ಮಾಡಿದೆವು. ನೆರೆಯ ತೋಟದವರು ದೂರದಲ್ಲಿ ನಿಂತು ಕೈ ಮುಗಿದು ಹೋದರು. ಪೂಜಾ ನನ್ನ ಹತ್ತಿರ ಬಂದು, "ಮಾಮಾ, ನೀವು ಯುಗಾದಿಗೆ ಬಂದಿದ್ದರ ಅವ್ವ ಇರ್ತಿದ್ದಳೇನ್ರೀ?" ಎಂದು ಕೇಳಿದಳು. ಇರುತ್ತಿದ್ದಳೇನೋ, ಇಲ್ಲವೇನೋ. "ಗೊತ್ತಿಲ್ಲವ್ವಾ" ಅಂದೆ.

ಕುವೈತಿನ ಕಂಪನಿ ಅರ್ಧ ಜನರನ್ನು ತೆಗೆದುಹಾಕಿತು, ಅದರಲ್ಲಿ ನಾನೂ ಒಬ್ಬ. ಸದಲಗಾದಲ್ಲೇ ಬೋರಿನ ಮೋಟರುಗಳ ವೈಂಡಿಂಗ್ ಕೆಲಸ ಹಿಡಿದೆ. ದೀಪಾವಳಿ ಕಳೆದು, ಕಬ್ಬಿನ ಗಾಡಿಗಳು ರಸ್ತೆ ತುಂಬ ಓಡಾಡುತ್ತಿದ್ದ ಒಂದು ಮಧ್ಯಾಹ್ನ ಫೋನು ಬಂತು. ಸವಿತಾ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದಳು.

"ದಾದಾ, ನಾ ಶುಭಾಂಗಿ, ಮಿರಜದಿಂದ" ಎಂದಿತು ದನಿ. ಬಹಳ ದಿನದ ಮೇಲೆ ಒಳ್ಳೆಯ ಸುದ್ದಿ ಹೇಳುವವರ ಉತ್ಸಾಹ ಅದರಲ್ಲಿತ್ತು. "ಆಪರೇಶನ್ ಮತ್ತ ಚಾಲೂ ಆಗ್ಯಾವ. ನಿಮ್ಮ ಮೂರ ತಿಂಗಳನೂ ಮುಗದಾವ. ಕಸ್ತೂರಿ ಅಕ್ಕಾರನ್ನ ಕರ್ಕೊಂಡ ಯಾವಾಗ ಬರ್ತೀರಿ?"

ಹೇಳಿದೆ. ಅವರು ಅಳುತ್ತಿದ್ದಾರೆಂದು ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು. ಆ ಬೆಳಿಗ್ಗೆಯಿಂದ ಅವರು ಹೀಗೆ ಎಷ್ಟು ಮನೆಗಳಿಗೆ ಫೋನ್ ಮಾಡಿದ್ದರೋ. ಕ್ಷಮಿಸಿರಿ ಎಂದು ಮರಾಠಿಯಲ್ಲಿ ಹೇಳಿ ಇಟ್ಟರು.

"ಮಿರಜದವರೇನ್ರೀ?" ಅಂದಳು ಸವಿತಾ.

"ಹೂಂ."

"ಏನಂತಾರ?"

"ಬರ್ರಿ ಅಂತಾರ. ಆಪರೇಶನ್ ಮಾಡ್ತಾರಂತ."

ಅವಳ ಕೈ ನಿಂತಿತು. ಆಮೇಲೆ ಅಂದಳು: "ಒಂದ ಮಾತ ಹೇಳ್ತೇನಿ. ನೀವು ಕುವೈತದಾಗ ಸಿಕ್ಕೊಂಡಾಗಿಂದ ನಾ ದಿನಾ ದೇವರ ಮುಂದ ದೀಪಾ ಹಚ್ಚಿ ಬೇಡ್ಕೋತಿದ್ದೆ. ನಿಮ್ಮನ್ನ ಕೊಯ್ಯೂದೊಂದ ತಪ್ಪಲಿ ಅಂತ. ಖರೇ ಹೇಳ್ಬೇಕಂದ್ರ ಸಹಿ ಮಾಡಿ ಬಂದ ದಿನದಿಂದನ ಬೇಡ್ಕೋತಿದ್ದೆ. ಅಕ್ಕಾರು ಹೋಗ್ಲಿ ಅಂತ ಬೇಡಿರಲಿಲ್ರಿ. ಅದನ್ನ ಒಂದ ದಿನಾನೂ ಬೇಡಿರಲಿಲ್ಲ."

ನನಗೆ ಸಿಟ್ಟು ಬರಲಿಲ್ಲ. ಹೋಗಿ ಅವಳ ಎದುರು ಕೂತು ಮೊರದಿಂದ ಒಂದು ಹಿಡಿ ಶೇಂಗಾ ತೆಗೆದುಕೊಂಡೆ. ಬಿಸಿಲು ಇಳಿಯುವ ತನಕ ಇಬ್ಬರೂ ಸುಲಿದೆವು. ಕತ್ತಲಾದಾಗ ಅವಳು ಎದ್ದು ಸಿಪ್ಪೆಗಳನ್ನು ಬಳಿದು ದನದ ಮುಂದೆ ಹಾಕಿ ಬಂದಳು, ಕೈ ತೊಳೆದುಕೊಂಡಳು, ಒಲೆ ಹಚ್ಚಿದಳು. ದೇವರ ಮುಂದೆ ದೀಪ ಹಚ್ಚಲಿಲ್ಲ. ಹಚ್ಚು ಎಂದು ನಾನೂ ಹೇಳಲಿಲ್ಲ.